ವಾಷರತ್ತೆ ಹಿಡಿದ ಏಣಿ

ಆ ಬೀದಿಯಲ್ಲಿ ಸೈಕಲ್ಲು ನಿಲ್ಲಿಸಿ ಹೋಗುವವರು ಬೀಗ ಹಾಕುವುದನ್ನು ಮರೆತರೂ ಸೀಟಿನ ಮೇಲೊಂದು ಟವೆಲು ಹೊದಿಸುವುದನ್ನು ಮರೆಯುತ್ತಿರಲಿಲ್ಲ. ಕಳ್ಳರ ಭಯದಿಂದಲ್ಲ, ವಾಷರತ್ತೆಯ ಕಣ್ಣಿನ ಭಯದಿಂದ. ದಪ್ಪ ಚರ್ಮದ ಸೀಟು ಕಂಡರೆ ಆಕೆ ಹತ್ತಿರ ಬಂದು, ಹೆಬ್ಬೆರಳಿನಿಂದ ಒತ್ತಿ ನೋಡಿ, ಸೈಕಲ್ಲಿನ ಯಜಮಾನನ ಮುಖವನ್ನು ಕರುಣೆಯಿಂದ ದಿಟ್ಟಿಸಿ, "ಇದನ್ನ ಯಾವಾಗ ಬದಲಾಯಿಸ್ತೀಯಪ್ಪ?" ಎಂದು ಕೇಳುವಳು. ಒಮ್ಮೆ ಕೇಳಿದ ಮೇಲೆ ಬಿಡುವವಳಲ್ಲ. ಹಾಲಿನವನ ಸೀಟು, ಅಂಚೆಯವನ ಚೀಲದ ಮುಚ್ಚಳ, ವರ್ಗವಾಗಿ ಹೋದ ಪೊಲೀಸನೊಬ್ಬ ಬಿಟ್ಟುಹೋದ ಬೂಟಿನ ಕತ್ತು, ಹೀಗೆ ಊರಿನ ಎಷ್ಟೋ ಚರ್ಮ ಒಂದೊಂದಾಗಿ ಬೀದಿಯ ಕೊನೆಯ ಹಳೆಯ ಕೈಪಂಪಿನ ಹೊಟ್ಟೆ ಸೇರಿತ್ತು.

ಆ ಪಂಪು ಎರಕದ ಕಬ್ಬಿಣದ್ದು. ಗಿಳಿಯ ಕೊಕ್ಕಿನಂತಹ ಬಾಯಿ, ಮೊಳದುದ್ದದ ಬಾಗಿದ ಹಿಡಿ. ಒಳಗೆ ಕಂಬಿಯ ತುದಿಯಲ್ಲಿ ಬಟ್ಟಲಿನಂತೆ ಬಾಗಿದ ಒಂದು ಚರ್ಮದ ಬಿಲ್ಲೆ; ವಾಷರು ಎಂದರೆ ಅದೇ. ಅದು ನೆನೆದು ಉಬ್ಬಿ ಕೊಳವೆಯ ಗೋಡೆಗೆ ಅಂಟಿಕೊಂಡಿದ್ದರೆ ಹಿಡಿ ಒತ್ತಿದಾಗ ನೀರು ಮೇಲೆ ಬರುತ್ತದೆ. ಒಣಗಿ ಮುದುಡಿದರೆ ಪಂಪು ಉಬ್ಬಸದ ಮುದುಕನಂತೆ ಬರೀ ಗಾಳಿ ಬಿಡುತ್ತದೆ. ನಾಲ್ಕು ದಿನ ಯಾರೂ ಸೇದದಿದ್ದರೆ ಚರ್ಮ ಒಣಗುತ್ತದೆ. ನಾಲ್ಕು ವಾರ ಬಿಟ್ಟರೆ ಬಿರಿಯುತ್ತದೆ. ಕೊಡುತ್ತಿರುವವರೆಗೆ ಮಾತ್ರ ಬದುಕಿರುವಂಥ ಕೆಲವು ವಸ್ತುಗಳನ್ನು ಭಗವಂತ ಈ ಲೋಕದಲ್ಲಿ ಅಲ್ಲಲ್ಲಿ ಇಟ್ಟಿದ್ದಾನೆ. ಆ ಕೈಪಂಪು ಅವುಗಳಲ್ಲೊಂದು, ವಾಷರತ್ತೆ ಇನ್ನೊಂದು.

ಆಕೆಯ ಗಂಡ ಬಡಗಿ. ಕೈಯಲ್ಲಿ ಒಳ್ಳೆಯ ಕೆಲಸ, ಬಾಯಲ್ಲಿ ಕಡಿಮೆ ಮಾತು, ಸೊಂಟದ ಸುತ್ತ ವರ್ಷಕ್ಕಿಷ್ಟು ಏರುವ ಮೈ. ಮರವೆಂದರೆ ಅವನಿಗೆ ಗೊತ್ತು, ಚರ್ಮವೆಂದರೆ ಗೊತ್ತಿಲ್ಲ. ಆದುದರಿಂದ ಪಂಪು ಕೆಟ್ಟಾಗಲೆಲ್ಲ ಅವನ ಉಳಿಯನ್ನು ಕೇಳಿ ಪಡೆದು, ಚರ್ಮವನ್ನು ಎಣ್ಣೆಯಲ್ಲಿ ನೆನೆಸಿ, ಬಟ್ಟಲಿಗೆ ಒತ್ತಿ ಬಾಗಿಸಿ, ಕತ್ತರಿಸಿ ಹಾಕುವ ವಿದ್ಯೆಯನ್ನು ಹೆಂಡತಿಯೇ ಕಲಿತಳು. ಯಾರೂ ಆಕೆಯನ್ನು ಆ ಕೆಲಸಕ್ಕೆ ನೇಮಿಸಲಿಲ್ಲ. ನೇಮಿಸದೆ ಇದ್ದುದರಿಂದ ತೆಗೆದುಹಾಕಲೂ ಆಗಲಿಲ್ಲ. ಹೀಗೆ ಊರಿಗೆಲ್ಲ ಆಕೆ ವಾಷರತ್ತೆಯಾದಳು.

ನಲವತ್ತೊಂದು ವರ್ಷಗಳ ಹಿಂದಿನ ಒಂದು ಬೇಸಗೆಯ ಮಧ್ಯಾಹ್ನ, ಪಂಪಿನ ತಲೆ ಬಿಚ್ಚಿ ಕುಳಿತಿದ್ದ ಆಕೆ ಬಿಸಿಲಿಗೆ ತಲೆ ಸುತ್ತಿ ಅಲ್ಲೇ ಉರುಳಿದಳು. ಬಡಗಿ ಓಡಿ ಬಂದು ಮುಖಕ್ಕೆ ನೀರೆರಚಿ ಎಬ್ಬಿಸಿದ. ಒಂದು ಮಾತೂ ಆಡಲಿಲ್ಲ. ಮರುದಿನ ಪಂಪಿನ ಸುತ್ತ ನಾಲ್ಕು ಗುಂಡಿ ತೋಡಿದ. ನಾಲ್ಕು ಕಂಬ ನೆಟ್ಟ. ಆ ದಿನಗಳಲ್ಲಿ ಊರಾಚೆಯ ಹಳೆಯ ಸುಂಕದ ಕಟ್ಟೆಯನ್ನು ಕೆಡವುತ್ತಿದ್ದರು. ಅಲ್ಲಿಂದ ಒಂದು ಗಟ್ಟಿ ತೊಲೆಯನ್ನು ಕೇಳಿ ಹೊತ್ತು ತಂದ. ಅದರ ಒಂದು ಮುಖದ ಮೇಲೆ ಸಾವಿರದ ಎಂಟುನೂರ ಅರವತ್ತೆಂಟು ಎಂಬ ಇಸವಿಯನ್ನು ಯಾರೋ ಆಳವಾಗಿ ಕೆತ್ತಿದ್ದರು.

ಗಂಡ ಏಣಿಯ ಮೇಲೆ, ಹೆಂಡತಿ ಏಣಿಯ ಬುಡದಲ್ಲಿ.

"ಅಲ್ಲಾ, ಆ ಇಸವಿ ಬೀದಿ ಕಡೆಗೆ ಬಂತಲ್ಲ. ಒಳಗಡೆಗೆ ತಿರುಗಿಸಬಾರದಾ?"

"ಆ ಕಡೆ ದೊಡ್ಡ ಗಂಟಿದೆ. ಬೀದಿಗೆ ಗಂಟು ತೋರಿಸಲಾ?"

"ನೋಡಿದವರು ನೂರು ವರ್ಷದ್ದು ಅಂದ್ಕೊಳ್ತಾರೆ."

"ಅಂದ್ಕೊಳ್ಳಲಿ. ಇಷ್ಟು ದಿನ ಬೀಳದ್ದು ಇನ್ನು ಬೀಳಲ್ಲ ಅಂತ ಧೈರ್ಯವಾಗಿ ಕೆಳಗೆ ನಿಂತ್ಕೊಳ್ತಾರೆ. ನೀನು ಏಣಿ ಅಲ್ಲಾಡಿಸಬೇಡ."

"ಅಲ್ಲಾಡ್ತಿರೋದು ಏಣಿಯಲ್ಲ, ನೀವು. ಕಮ್ಮಿ ತಿನ್ನಿ ಅಂದ್ರೆ ಕೇಳಲ್ಲ."

ಹಳೆಯ ತೊಲೆ ಹೊಸ ಕಂಬದ ಕಚ್ಚಿನಲ್ಲಿ ಕೂರುವಾಗ ಕೂದಲಿನಷ್ಟು ಸಡಿಲ ಬಂತು. ಬಡಗಿ ಅತ್ತಿತ್ತ ನೋಡಿದ. ಸಂದಿಗೆ ಸಿಕ್ಕಿಸಲು ಏನೂ ಸಿಗಲಿಲ್ಲ. ಸೊಂಟದ ಬೆಲ್ಟನ್ನೇ ಬಿಚ್ಚಿ, ಎರಡು ತುಂಡು ಮಾಡಿ, ತೂತುಗಳಿದ್ದ ತುಂಡನ್ನು ಆ ಸಂದಿನಲ್ಲಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದ. ಆಮೇಲೆ ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇಳಿದು ಬಂದಾಗ ಬೀದಿಗೆ ಬೀದಿಯೇ ನಕ್ಕಿತು. ಹೆಂಚು ಹೊದಿಸಿದ್ದಾಯಿತು. ಜನ ಅದನ್ನು 'ನೆರಳು' ಎಂದು ಕರೆದರು. ಯಾಕೆ ಕಟ್ಟಿದೆಯೆಂದು ಕೇಳಿದವರಿಗೆ ಬಡಗಿ, "ತೊಲೆ ಸಿಕ್ತು, ಕಟ್ಟಿದೆ" ಎಂದಷ್ಟೇ ಹೇಳಿದ. ಹೆಂಡತಿ ಬಿಸಿಲಿಗೆ ಬಿದ್ದಳೆಂದು ಹೇಳಲಿಲ್ಲ. ಹೆಂಡತಿಗೆ ಮಾತ್ರ ಅದು ಗೊತ್ತಿತ್ತು. ಅವನು ಆಡದ ಎಷ್ಟೋ ಮಾತುಗಳನ್ನು ಆಕೆ ಆ ನೆರಳಿನಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವನು ತೀರಿಹೋಗಿ ಹನ್ನೊಂದು ವರ್ಷವಾದ ಮೇಲೂ ಕೇಳಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ರಸ್ತೆ ಅಗಲ ಮಾಡುವ ನಕ್ಷೆ ಬಂತು. ಬೀದಿ ಬದಿಯ ಎರಡು ಕಂಬಗಳಿಗೆ ಕೆಂಪು ಬಣ್ಣದ ಗುರುತು ಬಿತ್ತು. ಪಂಪು ಗುರುತಿನ ಒಳಗಿತ್ತು, ಉಳಿಯುತ್ತಿತ್ತು. ನೆರಳು ಮಾತ್ರ ಹೋಗಬೇಕಿತ್ತು. ಜೊತೆಗೆ ಆ ಸಾಲಿನ ಅಂಗಡಿಗಳ ಮುಂಗಟ್ಟೆಗಳೂ ಹೋಗಬೇಕಿತ್ತು.

ಎದುರು ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ಮೂವತ್ತು ವರ್ಷಗಳ ಹಿಂದೆ ಬೇರೆ ಕಡೆಯಿಂದ ವರ್ಗವಾಗಿ ಬಂದವರು. ಓದಿದವರು, ಸಾಧುಗಳು, ಎಂದೂ ತಲೆಯೆತ್ತಿ ನಡೆಯದವರು. ತಲೆಯೆತ್ತಿ ನಡೆಯುತ್ತಿರಲಿಲ್ಲವಾದ್ದರಿಂದ ಮೂವತ್ತು ವರ್ಷ ಆ ತೊಲೆಯನ್ನು ಕಂಡಿರಲಿಲ್ಲ. ಕೆಂಪು ಗುರುತನ್ನು ನೋಡಲು ಹೋದವರು ಅಂದು ಕತ್ತೆತ್ತಿ ನೋಡಿದರು, ಮತ್ತು ಅವರ ಬಾಳು ಬೆಳಗಿತು. ನೇರವಾಗಿ ವಾಷರತ್ತೆಯ ಬಾಗಿಲಿಗೆ ಓಡಿ ಬಂದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

"ತಾಯಿ, ಈ ನೆರಳು ಸಾವಿರದ ಎಂಟುನೂರ ಅರವತ್ತೆಂಟರದ್ದು! ನಿಮಗೆ ಗೊತ್ತಿತ್ತಾ? ಎಷ್ಟು ಹಳೇದು ಇದು? ನಾನು ಪುರಾತನ ಕಟ್ಟಡಗಳ ಇಲಾಖೆಗೆ ಬರೀತೀನಿ. ಇನ್ನು ಯಾರೂ ಇದನ್ನ ಮುಟ್ಟೋ ಹಾಗಿಲ್ಲ!"

ವಾಷರತ್ತೆ ಬಾಯಿ ತೆರೆದಳು. ಕಣ್ಣ ಮುಂದೆ ಕೆಂಪು ಗುರುತಿನ ಎರಡು ಕಂಬಗಳು ನಿಂತವು.

"ನಾನು ಮದುವೆಯಾಗಿ ಈ ಬೀದಿಗೆ ಬಂದಾಗಲೇ ಪಂಪಿತ್ತು ಮೇಷ್ಟ್ರೇ" ಎಂದಳು.

ಪಂಪಿನ ಮಟ್ಟಿಗೆ ಇದು ಅಪ್ಪಟ ಸತ್ಯ. ನೆರಳಿನ ಮಟ್ಟಿಗೆ ಆಕೆ ಏನನ್ನೂ ಹೇಳಲಿಲ್ಲ. ದೈವಭಕ್ತರಾದವರು ಸುಳ್ಳು ಹೇಳಬೇಕಾಗಿ ಬಂದಾಗ ಬಳಸುವ ದಾರಿ ಇದೇ: ಕೇಳಿದ್ದಕ್ಕೆ ಪಕ್ಕದ ಸತ್ಯವನ್ನು ಎತ್ತಿ ಕೊಡುವುದು. ಮೇಷ್ಟ್ರು ಕೃತಜ್ಞತೆಯಿಂದ ಕಣ್ಣೊರೆಸಿಕೊಂಡು, ಇನ್ನೊಂದು ಚಪ್ಪಲಿಯನ್ನು ಹುಡುಕುತ್ತ ಹೋದರು. ಹಳೆಯ ಸಂಗತಿ ಬಲ್ಲವರು ಇನ್ನೂ ನಾಲ್ಕಾರು ಜನ ಇದ್ದರು. ಅವರೆಲ್ಲರಿಗೂ ಆ ಸಾಲಿನಲ್ಲಿ ಅಂಗಡಿಗಳಿದ್ದವು, ಅವರ ನೆನಪಿನ ಶಕ್ತಿ ಆ ವಾರದಲ್ಲಿ ಒಮ್ಮೆಗೇ ಕುಂದಿತು. ಬಡಗಿಯ ತಂಗಿಯೊಬ್ಬಳು ಮೇಲಿನ ಓಣಿಯಲ್ಲಿ ವಾಸವಾಗಿದ್ದಳು. ಆಕೆಯ ಬಾಯಿಯನ್ನು ವಾಷರತ್ತೆ ಕೈ ಹಿಡಿದು ಬೇಡಿಕೊಂಡು ಮುಚ್ಚಿಸಿದಳು.

ಮೇಷ್ಟ್ರು ಆ ತೊಲೆಯ ಬಗ್ಗೆ ನಲವತ್ತು ಪುಟ ಬರೆದರು. ಇಲಾಖೆಯಿಂದ ದುಂಡನೆಯ ಮೈಕಟ್ಟಿನ ಅಧಿಕಾರಿಯೊಬ್ಬರು ಚರ್ಮದ ಕೈಚೀಲದೊಂದಿಗೆ ಬಂದು, ಅಳೆದು, ಫೋಟೋ ಹಿಡಿದು ಹೋದರು. ಒಂದೂವರೆ ವರ್ಷದ ಬಳಿಕ ನೆರಳು ಗೆಜೆಟ್ಟಿನಲ್ಲಿ 'ಜಲಮಂಟಪ'ವಾಯಿತು. ರಸ್ತೆ ಸೊಂಟ ಬಳುಕಿಸಿ ಆಚೆ ಸರಿದುಹೋಯಿತು. ಫಲಕ ಅನಾವರಣದ ಸಮಾರಂಭದಲ್ಲಿ ಅಧಿಕಾರಿಗಳು ವರದಿ ಓದಿದರು: "ತೊಲೆ ಮತ್ತು ಕಂಬದ ಸಂದಿನಲ್ಲಿ ಚರ್ಮದ ಮೆತ್ತೆಯಿಟ್ಟಿರುವುದು ಅಂದಿನವರ ಅಪೂರ್ವ ತಂತ್ರ. ಆ ಚರ್ಮದಲ್ಲಿ ಹಗ್ಗ ಪೋಣಿಸಲು ಕಣ್ಣಿನಾಕಾರದ ರಂಧ್ರವನ್ನೂ ಮಾಡಲಾಗಿದೆ. ಇಂದಿನ ಬಡಗಿಗಳಿಗೆ ಇದರ ಕಲ್ಪನೆಯೂ ಇಲ್ಲ. ಇದನ್ನು ಕಟ್ಟಿದ ಮಹಾಶಿಲ್ಪಿ ಅಜ್ಞಾತ."

ಎರಡನೆಯ ಸಾಲಿನಲ್ಲಿ ಕುಳಿತಿದ್ದ ವಾಷರತ್ತೆಗೆ ಮಹಾಶಿಲ್ಪಿ ಎಂದಾಗ ಎದೆಯುಬ್ಬಿತು. ಅಜ್ಞಾತ ಎಂದಾಗ ಎದ್ದು ನಿಂತು ಮನೆಯ ನಂಬರು ಹೇಳಬೇಕೆನಿಸಿತು. ಪಕ್ಕದಲ್ಲಿದ್ದ ನಾದಿನಿ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು: "ಅತ್ತಿಗೆ, ಅಣ್ಣನ ಬೆಲ್ಟಿಗೆ ಚಪ್ಪಾಳೆ ಹೊಡೀರಿ."

ಮರುವಾರ ಕೆಲಸದವರು ಬಂದು ನೆರಳಿನ ಸುತ್ತ ಎದೆಯೆತ್ತರದ ಕಬ್ಬಿಣದ ಕಟಕಟೆ ನಿಲ್ಲಿಸಿದರು. ಒಬ್ಬ ಕಾವಲುಗಾರ ಕುರ್ಚಿ ಹಾಕಿಕೊಂಡು ಕುಳಿತ. ಆಮೇಲೆ ಸ್ಪ್ಯಾನರಿನಿಂದ ಪಂಪಿನ ಹಿಡಿಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಇಲಾಖೆಯ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿಡಲು ಒಯ್ದರು. ಕಾರಣವನ್ನು ಕಾವಲುಗಾರ ಕಾಗದ ನೋಡಿ ಓದಿದ: "ನೀರು ಸೇದುವುದರಿಂದ ಉಂಟಾಗುವ ತೇವದಿಂದ ಜಲಮಂಟಪಕ್ಕೆ ಹಾನಿಯಾಗುವ ಸಂಭವವಿದೆ."

ನೀರು ಸೇದುವವರಿಗಾಗಿ ಹುಟ್ಟಿದ ನೆರಳನ್ನು ಈಗ ನೀರು ಸೇದುವವರಿಂದಲೇ ಕಾಪಾಡಬೇಕಾಗಿ ಬಂತು. ಬೀದಿಯ ಮನೆಗಳಿಗೆ ನಲ್ಲಿಯಿತ್ತು. ಅವರಿಗೆ ಅಷ್ಟು ತಟ್ಟಲಿಲ್ಲ. ಮೇಲಿನ ಓಣಿಯ ಆರು ಮನೆಗಳಿಗೆ ನಲ್ಲಿಯ ನೀರು ಏರುತ್ತಿರಲಿಲ್ಲ. ಆ ಆರು ಮನೆಯವರು ಊರಾಚೆಯ ಗಿರಣಿಯ ತೊಟ್ಟಿಯವರೆಗೆ ಕೊಡ ಹೊತ್ತು ನಡೆಯತೊಡಗಿದರು, ಹೋಗಲು ಅರ್ಧ ಗಂಟೆ, ಬರಲು ಅದಕ್ಕಿಂತ ಹೆಚ್ಚು. ನಾದಿನಿಯ ಮನೆ ಅವುಗಳಲ್ಲಿ ಮೂರನೆಯದು.

"ನೋಡಿ ಅತ್ತಿಗೆ," ಎಂದಳು ನಾದಿನಿ, ದಾರಿಯಲ್ಲಿ ಕೊಡ ಇಳಿಸಿ ಸೊಂಟ ನೀವಿಕೊಳ್ಳುತ್ತ, "ನಮ್ಮಣ್ಣ ಕಟ್ಟಿದ ನೆರಳಿಗೆ ನಾನು ಹೊರಗಿನವಳಾದೆ. ನೀವು ಬಾಯಿ ಬಿಡಬೇಡ ಅಂದ್ರಿ, ಬಿಡಲಿಲ್ಲ. ನನ್ನ ಬಾಯಿ ಮುಚ್ಚಿಸೋದು ಅಂದ್ರೆ ಸಣ್ಣ ಕೆಲಸ ಅಲ್ಲ. ಅದರ ಫಲ ನೋಡಿ, ನನ್ನ ತಲೆ ಮೇಲೇ ಕೂತಿದೆ, ಎರಡು ಕೊಡ."

ವಾಷರತ್ತೆ ಒಂದು ಕೊಡವನ್ನೆತ್ತಿ ತನ್ನ ಸೊಂಟಕ್ಕಿಟ್ಟುಕೊಂಡು ನಡೆದಳು. ಅಂದು ಮಧ್ಯಾಹ್ನ ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ, ಹೂಗಿಡಗಳಿಗೆ ನೀರು ಹಾಕುವ ಉದ್ದ ಮೂತಿಯ ಡಬ್ಬಿಯನ್ನು ತಂದು, ಕಟಕಟೆಯ ಸಂದಿಯಿಂದ ಕೈ ಚಾಚಿ, ಕಂಬಿ ಇಳಿಯುವ ತೂತಿನಲ್ಲಿ ತನ್ನ ಮನೆಯ ನಲ್ಲಿಯ ನೀರನ್ನು ಪಂಪಿಗೆ ಕುಡಿಸಿದಳು. ಮರುದಿನವೂ ಕುಡಿಸಿದಳು. ಇಷ್ಟು ವರ್ಷ ಊರಿಗೆ ನೀರು ಕೊಟ್ಟದ್ದಕ್ಕೆ ಊರಿನಿಂದ ಒಬ್ಬಳು ಹೀಗೆ ತಿರುಗಿ ಕೊಟ್ಟಳು.

ನಾದಿನಿ ಇದನ್ನು ಕಂಡು ಹಣೆ ಚಚ್ಚಿಕೊಂಡಳು. "ಮನುಷ್ಯರಿಗೆ ನೀರಿಲ್ಲ, ನೀವು ಕಬ್ಬಿಣಕ್ಕೆ ನೀರು ಕುಡಿಸ್ತಿದೀರಾ?"

"ಚರ್ಮ ಒಣಗಿದ್ರೆ ಸತ್ತೋಗುತ್ತೆ ಕಣೆ. ಹಿಡಿ ವಾಪಸ್ ಬಂದಾಗ ಜೀವ ಇರಬೇಕಲ್ಲ."

"ಹಿಡಿ ವಾಪಸ್ ಬರುತ್ತೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ದಿನಾ ದೇವರನ್ನ ಕೇಳ್ಕೋತಿದೀನಿ."

ಕೇಳಿಕೊಳ್ಳುತ್ತಿದ್ದುದು ನಿಜ. ಆದರೆ ಸಂಜೆ ದೀಪ ಹಚ್ಚಿ ಕೈ ಜೋಡಿಸಿದೊಡನೆ ಆ ತೊಲೆ ಗಂಟಲಿಗೆ ಅಡ್ಡ ಬರುತ್ತಿತ್ತು. ಹಿಡಿಯನ್ನು ಕೊಡಿಸು ಎಂದು ಯಾರನ್ನು ಬೇಡುತ್ತಿದ್ದಳೋ ಆತ ಅಂದು ಏಣಿಯ ಮೇಲಿದ್ದವನನ್ನೂ ಬುಡದಲ್ಲಿದ್ದವಳನ್ನೂ ನೋಡಿದ್ದವನು. ಅವನಿಗೆ ಗೆಜೆಟ್ಟು ತೋರಿಸಲು ಬರುವಂತಿರಲಿಲ್ಲ. ನಿಜ ಹೇಳಿದರೆ ಕಟಕಟೆ ಹೋಗುತ್ತದೆ, ಹಿಡಿ ಬರುತ್ತದೆ, ಆರು ಮನೆಗೆ ನೀರಾಗುತ್ತದೆ. ಆದರೆ ಅದರ ಹಿಂದೆಯೇ ಕೆಂಪು ಗುರುತು ಬರುತ್ತದೆ, ಗಂಡನ ಕೈಯ ನೆರಳು ಒಂದು ಬೆಳಿಗ್ಗೆಯಲ್ಲಿ ನೆಲಕ್ಕೊರಗುತ್ತದೆ. ವಾಷರತ್ತೆ ದೇವರ ಮುಂದೆ ಕುಳಿತು ಹದಿನೆಂಟು ಸಂಜೆ ಬೇರೆ ಬೇರೆ ವಿಷಯ ಮಾತಾಡಿದಳು.

ಹತ್ತೊಂಬತ್ತನೆಯ ದಿನ ಕಾವಲುಗಾರ ಊಟದ ಡಬ್ಬಿ ಮರೆತು ಹಿಂದಿರುಗಿದ.

"ಅಮ್ಮಾ! ಏನ್ ಮಾಡ್ತಿದೀರಾ?"

"ನೀರು ಕುಡಿಸ್ತಿದೀನಪ್ಪ."

"ಯಾರಿಗೆ?"

"ಇದಕ್ಕೆ. ನಿನ್ನೆ ಸ್ವಲ್ಪ ಕಮ್ಮಿ ಕುಡೀತು."

ಕಾವಲುಗಾರ ಒಳ್ಳೆಯವನು, ಆದರೆ ಅವನ ಬಳಿ ಒಂದು ರಿಜಿಸ್ಟರಿತ್ತು, ಅದರಲ್ಲಿ ಬಂದ ದಿನದಿಂದ 'ವಿಶೇಷವೇನೂ ಇಲ್ಲ' ಎಂದಷ್ಟೇ ಬರೆದು ಅವನ ಕೈ ಜಡ್ಡುಗಟ್ಟಿತ್ತು. ಅಂದು ಅವನು ನಾಲಗೆ ಕಚ್ಚಿಕೊಂಡು ಅರ್ಧ ಪುಟ ಬರೆದ: ವೃದ್ಧೆಯೊಬ್ಬರು ಐತಿಹಾಸಿಕ ಪಂಪಿಗೆ ಪ್ರತಿದಿನ ನೀರು ಕುಡಿಸುತ್ತಿದ್ದು, ಜಲಮಂಟಪದಲ್ಲಿ ತೇವಾಂಶ ಕಂಡುಬಂದಿದೆ. ಈ ಅರ್ಧ ಪುಟ ಇಲಾಖೆಯನ್ನು ಅಲ್ಲಾಡಿಸಿತು. ನಾಲ್ಕನೆಯ ದಿನ ಬೆಳಿಗ್ಗೆ ಅಧಿಕಾರಿಗಳೇ ಕೈಚೀಲದೊಂದಿಗೆ ಬಂದಿಳಿದರು.

ಜನ ಸೇರಿದರು. ಮೇಷ್ಟ್ರು ಬಂದರು, ಅಂಗಡಿಗಳವರು ಬಾಗಿಲಲ್ಲೇ ನಿಂತರು, ಗಿರಣಿಯಿಂದ ಬರುತ್ತಿದ್ದ ನಾದಿನಿ ಕೊಡ ಇಳಿಸಿ ಕಟಕಟೆಗೆ ಒರಗಿದಳು.

"ಅಜ್ಜಿ," ಎಂದರು ಅಧಿಕಾರಿಗಳು ಮೃದುವಾಗಿ, "ನೂರೈವತ್ತು ವರ್ಷದ ಮಂಟಪ ಇದು. ಇದಕ್ಕೆ ನೀರು ತಾಗಿಸಬಾರದು. ಇದರ ಬೆಲೆ ನಿಮಗೆ ತಿಳಿಯಲ್ಲ."

ವಾಷರತ್ತೆ ಮೇಲೆ ನೋಡಿದಳು. ಹೆಂಚಿನ ಸಂದಿಯಿಂದ ಒಂದು ಬಿಸಿಲಿನ ಕೋಲು ಪಂಪಿನ ಮೇಲೆ ಬಿದ್ದಿತ್ತು. ಮನಸ್ಸಿನಲ್ಲೇ ಗಂಡನ ಕ್ಷಮೆ ಕೇಳಿದಳು.

"ನಲವತ್ತೊಂದು ವರ್ಷ ಸಾರ್. ಕಟ್ಟಿದ್ದು ನಮ್ಮ ಯಜಮಾನ್ರು. ಆ ತೊಲೆ ಸುಂಕದ ಕಟ್ಟೇದು; ಇಸವಿ ಅದರದ್ದು, ಇದರದ್ದಲ್ಲ. ಗೊತ್ತಿದ್ದೂ ನಾನು ಸುಮ್ಮನಿದ್ದೆ, ನೆರಳು ಉಳೀಲಿ ಅಂತ. ತಪ್ಪು ನಂದು. ಈಗ ಹೇಳ್ತಿದೀನಿ. ನೆರಳು ಹೋದ್ರೆ ಹೋಗ್ಲಿ, ಬಿಸಿಲಲ್ಲೇ ಸೇದ್ತೀವಿ. ನಮ್ಮ ಹಿಡಿ ಕೊಟ್ಬಿಡಿ."

ಅಂಗಡಿಗಳವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳುವುದನ್ನು ಮರೆತರು.

ಅಧಿಕಾರಿಗಳು ಮುಗುಳ್ನಕ್ಕರು. "ಬಹಳ ಸುಂದರವಾದ ಕಥೆ, ಅಜ್ಜಿ."

"ಕಥೆಯಲ್ಲ ಸಾರ್. ಏಣಿ ಹಿಡಿದವಳು ನಾನೇ."

"ನಿಮ್ಮ ಯಜಮಾನರು ರಿಪೇರಿ ಮಾಡಿರಬಹುದು. ಆದರೆ ಆ ಚರ್ಮದ ಮೆತ್ತೆ, ಆ ತಂತ್ರ..."

"ಅದು ಅವರ ಬೆಲ್ಟು."

"ಬೆಲ್ಟೇ?"

"ಪ್ಯಾಂಟಿನ ಬೆಲ್ಟು. ತೂತಿರೋ ತುಂಡು ಮೇಲ್ಗಡೆ ಬೆರಳಗಲ ಹೊರಗೆ ಬಂದಿದೆ. ಹೊರಗಿರೋದು ಮೂರನೇ ತೂತು. ಹಿಗ್ಗಿ ಕಣ್ಣಿನ ಥರ ಆಗಿದೆ. ನಾಲ್ಕನೇ ತೂತಿಗೆ ಹೋಗಿ ಅಂತ ವರ್ಷಾನುಗಟ್ಟಲೆ ಹೇಳಿದೆ, ದಪ್ಪ ಆಗಿದೀನಿ ಅಂತ ಒಪ್ಕೊಳ್ಳಲೇ ಇಲ್ಲ."

ನಾದಿನಿ ತಡೆಯಲಾರದೆ ನಕ್ಕುಬಿಟ್ಟಳು. "ಹೌದು ಸಾರ್, ನಮ್ಮಣ್ಣ ಸಾಯೋವರೆಗೂ ಒಪ್ಪಲಿಲ್ಲ!"

ವಾಷರತ್ತೆ ಮನೆಯ ಹಿತ್ತಲಿನಿಂದ ಅದೇ ಏಣಿಯನ್ನು ಎಳೆದು ತಂದಳು. "ಹತ್ತಿ ನೋಡಿ ಸಾರ್. ನಾನು ಹಿಡ್ಕೋತೀನಿ. ಅಭ್ಯಾಸ ಇದೆ."

ಅಷ್ಟು ಜನರೆದುರು ಹತ್ತದೆ ಇರುವಂತಿರಲಿಲ್ಲ. ಅಧಿಕಾರಿಗಳು ಕೈಚೀಲವನ್ನು ಕಾವಲುಗಾರನಿಗೆ ಕೊಟ್ಟು, ಒಂದೊಂದೇ ಮೆಟ್ಟಿಲು ಹತ್ತಿ, ತೊಲೆಯ ಮೇಲ್ಗಡೆಗೆ ಟಾರ್ಚು ಹಿಡಿದರು. ಹಿಂದಿನ ಸಲ ಈ ತೂತನ್ನು ಅವರು ಫೋಟೋದಲ್ಲಿ ನೋಡಿದ್ದರು. ಈಗ ಮೂಗಿನ ತುದಿಯಿಂದ ಗೇಣು ದೂರದಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಕೈ ತಾನೇ ತಾನಾಗಿ ತಮ್ಮ ಸೊಂಟಕ್ಕೆ ಹೋಗಿ, ಅಂಗಿಯ ಕೆಳಗೆ, ಬಕಲ್ಲಿನ ಪಕ್ಕದಲ್ಲಿ ಏನನ್ನೋ ತಡವಿತು. ಅಲ್ಲಿಯೂ ಒಂದು ಕಣ್ಣಿನಾಕಾರದ ತೂತಿದ್ದಿರಬೇಕು. ಮನುಷ್ಯನ ಪಾಂಡಿತ್ಯವನ್ನು ನಾಲ್ಕು ಜನರ ಮಾತು ತಿದ್ದದಿದ್ದರೂ ಅವನ ಹೊಟ್ಟೆ ಕೆಲವೊಮ್ಮೆ ತಿದ್ದುತ್ತದೆ.

ಇಳಿದು ಬಂದಾಗ ಅವರ ಮುಖ ಬೆವೆತಿತ್ತು. ಕಾವಲುಗಾರ ರಿಜಿಸ್ಟರು ತೆರೆದು, "ಏನಂತ ಬರೀಲಿ ಸಾರ್?" ಎಂದ.

"ತೇವಾಂಶ ಸಾಮಾನ್ಯ ಅಂತ ಬರಿ."

ಆಮೇಲೆ ವಾಷರತ್ತೆಯನ್ನು ಪಂಪಿನ ಆಚೆ ಬದಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: "ಅಮ್ಮಾ, ಇದು ಗೆಜೆಟ್ಟಿನಲ್ಲಿ ಬಂದುಹೋಗಿದೆ. ಏಳು ಜನರ ಸಹಿ ಆಗಿದೆ. ಹೊಸದು ಅಂತ ಬರೆಯೋದಕ್ಕೆ ನಮ್ಮಲ್ಲಿ ಫಾರಮ್ಮೇ ಇಲ್ಲ. ನಿಮಗೆ ಏನು ಬೇಕು, ಹೇಳಿ."

ಅಜ್ಜಿ ಎಂಬುದು ಅಮ್ಮಾ ಎಂದಾದುದನ್ನು ವಾಷರತ್ತೆ ಗಮನಿಸ‌ದೆ ಇರಲಿಲ್ಲ. "ಹಿಡಿ" ಎಂದಳು.

"ಹಿಡಿ ಬಂದ್ರೆ, ಈ ಬೆಲ್ಟಿನ ವಿಷಯ ಇಲ್ಲಿಗೇ...?"

"ಅದಾಗಲ್ಲ ಸಾರ್. ಒಂದು ಸಲ ಮುಚ್ಚಿಟ್ಟು ಸಾಕಾಗಿದೆ. ಕೇಳಿದವರಿಗೆಲ್ಲ ಹೇಳ್ತೀನಿ."

ಅಧಿಕಾರಿಗಳು ಯೋಚಿಸಿದರು. ಯೋಚಿಸುತ್ತ ಯೋಚಿಸುತ್ತ ಅವರ ಮುಖ ತಿಳಿಯಾಯಿತು. ಜನರನ್ನು ಮೂವತ್ತು ವರ್ಷ ಬಲ್ಲವರು ಅವರು. "ಹೇಳಿ, ಧಾರಾಳವಾಗಿ ಹೇಳಿ. ಏಣಿ ಮಾತ್ರ ಯಾರಿಗೂ ಕೊಡಬೇಡಿ."

"ಕೇಳಿದ್ರೆ ಕೊಡ್ತೀನಿ. ಏಣಿ ನಮ್ಮನೇದು."

ಹನ್ನೆರಡು ದಿನಗಳ ಮೇಲೆ ಹಿಡಿ ಗಾಜಿನ ಪೆಟ್ಟಿಗೆಯಿಂದ ಹೊರಬಂದು ಊರಿಗೆ ಮರಳಿತು. ಜೊತೆಗೊಂದು ಆದೇಶವೂ ಬಂತು. ನೀರು ಸೇದುವುದಕ್ಕೆ ಅನುಮತಿ ಕೊಡಲು ಇಲಾಖೆಗೆ ಅಧಿಕಾರವಿರಲಿಲ್ಲ. ಆದರೆ 'ನೀರೆತ್ತುವ ಪಾರಂಪರಿಕ ವಿಧಾನದ ಪ್ರಾತ್ಯಕ್ಷಿಕೆ' ನಡೆಸಬಹುದಿತ್ತು, ಪ್ರತಿದಿನ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಆರು ಜನ ಪಾಲ್ಗೊಳ್ಳುವವರೊಂದಿಗೆ.

ವಾಷರತ್ತೆ ಹಿಡಿಯನ್ನು ಬೋಲ್ಟಿಗೆ ಸಿಕ್ಕಿಸಿ ಒತ್ತತೊಡಗಿದಳು. ಒಂದು, ಎರಡು, ಮೂರು, ಬರೀ ಗಾಳಿ. ಮೇಲಿನ ಓಣಿಯ ಹೆಂಗಸರು ಉಸಿರು ಬಿಗಿಹಿಡಿದರು. ಆರನೆಯ ಒತ್ತಿಗೆ ಒಳಗೊಂದು ಗೊರಕೆ ಕೇಳಿಸಿತು. ಒಂಬತ್ತನೆಯ ಒತ್ತಿಗೆ ಹಿಡಿ ಭಾರವಾಯಿತು. ಹಾಲಿನವನ ಸೈಕಲ್ ಸೀಟು, ಮೂವತ್ತು ಚಿಲ್ಲರೆ ಮಧ್ಯಾಹ್ನ ಆಕೆಯ ಕೈಯಿಂದ ಕುಡಿದ ಆ ಚರ್ಮ, ಒಣಗಿರಲಿಲ್ಲ. ಗಿಳಿಯ ಕೊಕ್ಕಿನಿಂದ ಮೊದಲು ತುಕ್ಕಿನ ಕೆಂಪು, ಆಮೇಲೆ ತಿಳಿನೀರು ಧುಮುಕಿತು. ವಾಷರತ್ತೆ ಒಂದು ಬೊಗಸೆ ಹಿಡಿದು ಕಣ್ಣಿಗೊತ್ತಿಕೊಂಡಳು. ಗಂಟಲಿನ ತೊಲೆ ಕರಗಿತ್ತು.

"ಆ ಪ್ಲಾಸ್ಟಿಕ್ ಕೊಡ ಇಲ್ಲಿ ಇಡೋ ಹಾಗಿಲ್ಲ," ಎಂದ ಕಾವಲುಗಾರ ಆದೇಶ ನೋಡುತ್ತ. "ಪಾರಂಪರಿಕ ಪಾತ್ರೆಗಳು ಮಾತ್ರ ಅಂತಿದೆ."

"ಅಯ್ಯೋ, ಇದೂ ನಮ್ಮತ್ತೆ ಕಾಲದ್ದು ಕಣಪ್ಪ," ಎಂದಳು ನಾದಿನಿ. "ಬೇಕಾದ್ರೆ ಇಸವಿ ಕೆತ್ತಿಸ್ಕೊಂಡು ಬರ್ತೀನಿ."

ಕಾವಲುಗಾರ ಮುಖ ಆಚೆ ತಿರುಗಿಸಿ ಕುಳಿತ. ರಿಜಿಸ್ಟರಿನಲ್ಲಿ 'ವಿಶೇಷವೇನೂ ಇಲ್ಲ' ಎಂದು ಬರೆದ.

ಉಳಿದದ್ದು ಮೇಷ್ಟ್ರು. ಅವರು ಒಂದು ವಾರ ಹೊರಗೆ ಬರಲಿಲ್ಲ. ವಾಷರತ್ತೆಯೇ ಒಂದು ಕೊಡ ನೀರು ಹೊತ್ತು ಅವರ ಬಾಗಿಲಿಗೆ ಹೋದಳು.

"ಆವತ್ತೇ ಹೇಳಬಹುದಿತ್ತಲ್ಲ ತಾಯಿ," ಎಂದರು ಮೇಷ್ಟ್ರು. "ನಲವತ್ತು ಪುಟ ಬರೆದೆ."

"ಹೇಳಬೇಕಿತ್ತು. ನೀವು ಒಂದೇ ಚಪ್ಪಲಿ ಹಾಕ್ಕೊಂಡು ಬಂದಿದ್ರಿ. ಅಷ್ಟು ಸಂತೋಷದಲ್ಲಿದ್ರಿ. ಅದು ನೆಪ ಅಷ್ಟೇ. ನನಗೆ ನೆರಳು ಬೇಕಿತ್ತು. ಕ್ಷಮಿಸಿಬಿಡಿ ಮೇಷ್ಟ್ರೇ."

ಮೇಷ್ಟ್ರು ಕೊಡವನ್ನು ಒಳಗಿಟ್ಟು ಬಂದರು. "ನಲವತ್ತು ಪುಟದಲ್ಲಿ ಕಟ್ಟಿದವನ ಬಗ್ಗೆ ಒಂದು ಸಾಲೂ ಇಲ್ಲ," ಎಂದರು. "ಈಗ ಬರೀತೀನಿ."

ಬರೆದರು. ಬಡಗಿಯ ಹೆಸರು, ಬಿಸಿಲಿಗೆ ಬಿದ್ದ ಹೆಂಡತಿ, ಸುಂಕದ ಕಟ್ಟೆಯ ತೊಲೆ, ಬೆಲ್ಟು, ಎಲ್ಲವನ್ನೂ ಒಂದು ಪುಟದಲ್ಲಿ ಬರೆದು, ತಮ್ಮ ಹಿಂದಿನ ನಲವತ್ತು ಪುಟ ತಪ್ಪೆಂದು ಕೆಳಗೆ ಸಹಿ ಮಾಡಿ ಇಲಾಖೆಗೆ ಕಳಿಸಿದರು. ಜೀವಮಾನದಲ್ಲಿ ಅವರು ಬರೆದ ಅತಿ ಚಿಕ್ಕ ಮತ್ತು ಅತಿ ದೊಡ್ಡ ಲೇಖನ ಅದೇ. ಇಲಾಖೆ ಅದನ್ನು ಗೌರವದಿಂದ ಸ್ವೀಕರಿಸಿತು. ಆರು ತಿಂಗಳ ಬಳಿಕ ಮೊದಲ ಫಲಕದ ಪಕ್ಕದಲ್ಲಿ ಎರಡನೆಯ ಫಲಕ ಬಂತು. ವಾಷರತ್ತೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು:

'ಬಿಸಿಲಿಗೆ ಮೂರ್ಛೆ ಹೋದ ಪತ್ನಿಗಾಗಿ ಬಡಗಿಯೊಬ್ಬನು ತನ್ನ ಸೊಂಟದ ಬೆಲ್ಟನ್ನೇ ಕೊಟ್ಟು ಈ ಮಂಟಪವನ್ನು ನಿರ್ಮಿಸಿದನೆಂದು ಸ್ಥಳೀಯ ಐತಿಹ್ಯವಿದೆ. ಕಾಲ: ೧೮೬೮.'

"ಅತ್ತಿಗೆ!" ನಾದಿನಿ ಕೊಡ ಹಿಡಿದುಕೊಂಡೇ ನಕ್ಕಳು. "ನಮ್ಮಣ್ಣ ಐತಿಹ್ಯ ಆಗ್ಬಿಟ್ಟ. ಹಾಗಾದ್ರೆ ನಿಮಗೀಗ ಎಷ್ಟು ವಯಸ್ಸು?"

"ಕೊಡ ಸರಿಯಾಗಿ ಇಡೆ, ಚೆಲ್ಲುತ್ತೆ," ಎಂದಳು ವಾಷರತ್ತೆ. ಆದರೆ ಆ ಸಾಲನ್ನು ಇನ್ನೊಮ್ಮೆ ಓದಿದಳು. ಪತ್ನಿಗಾಗಿ. ತೊಲೆ ಸಿಕ್ಕಿತೆಂದಲ್ಲ. ಬದುಕಿದ್ದಾಗ ಅವನು ಒಮ್ಮೆಯೂ ಬಾಯಿಬಿಟ್ಟು ಒಪ್ಪಿಕೊಳ್ಳದ ಮಾತನ್ನು ಕಬ್ಬಿಣದ ಫಲಕ ಒಪ್ಪಿಕೊಂಡಿತ್ತು, ನೂರು ಚಿಲ್ಲರೆ ವರ್ಷಗಳ ತಪ್ಪಿನೊಂದಿಗೆ.

ಈಗ ಬೆಳಿಗ್ಗೆ ಹೊರಗಿನವರು ನೋಡಲು ಬರುತ್ತಾರೆ. ಹಿಡಿ ಒತ್ತುತ್ತಿರುವ ಮುದುಕಿಯ ಫೋಟೋ ತೆಗೆಯುತ್ತಾರೆ, ಫಲಕ ಓದುತ್ತಾರೆ, ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಮ್ಮಾ, ಈ ಬೆಲ್ಟಿನ ಕಥೆ ನಿಜವಾ?"

"ನಿಜ ಕಣಪ್ಪ. ಏಣಿ ಹಿಡಿದಿದ್ದೇ ನಾನು. ಬೇಕಾದ್ರೆ ಹಿತ್ತಲಲ್ಲಿದೆ, ತರ್ತೀನಿ, ಹತ್ತಿ ನೋಡು."

ಅವರು ನಗುತ್ತಾರೆ. ಅಜ್ಜಿ ಬಹಳ ತಮಾಷೆಯವರು ಎನ್ನುತ್ತಾರೆ. ಏಣಿಯನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ಆಮೇಲೆ ಬಾಗಿ, ಗಿಳಿಯ ಕೊಕ್ಕಿನ ಕೆಳಗೆ ಬೊಗಸೆಯೊಡ್ಡಿ ಕುಡಿದು, ನೀರು ತಣ್ಣಗಿದೆ ಎಂದು ಒಪ್ಪಿಕೊಳ್ಳುತ್ತಾರೆ. ವಾಷರತ್ತೆ ತಲೆಯಾಡಿಸಿ, ಅವರ ಕೈಚೀಲದ ಚರ್ಮವನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ನೋಡುತ್ತಾಳೆ.